ಎಚ್-4 ಕೆಲಸದ ಪರವಾನಗಿ ನವೀಕರಣ: ಬೆಂಗಳೂರಿನ ಟಿಕೆಟ್ ತೆಗೆಯುವ ಮುನ್ನ

ಪತಿಯ ಅಥವಾ ಪತ್ನಿಯ ಎಚ್-1ಬಿ ಎಂಬ ಉದ್ಯೋಗ ವೀಸಾದ ಆಧಾರದ ಮೇಲೆ ಅಮೆರಿಕಕ್ಕೆ ಹೋಗಿ, ಎಚ್-4 ಅವಲಂಬಿತರಾಗಿದ್ದುಕೊಂಡೇ ಕೆಲಸ ಮಾಡುತ್ತಿರುವವರ ಬಳಿ ಇಎಡಿ ಎಂಬ ಕೆಲಸದ ಪರವಾನಗಿ ಕಾರ್ಡ್ ಇರುತ್ತದೆ. ಅದರ ನವೀಕರಣದ ನಿಯಮ 2025ರ ಅಕ್ಟೋಬರ್ 30ರಂದು ಬದಲಾಯಿತು. ಅದಕ್ಕೂ ಮೊದಲು, ಅವಧಿ ಮುಗಿಯುವುದರೊಳಗೆ ಅರ್ಜಿ ಹಾಕಿದ್ದರೆ ಹಳೆಯ ಕಾರ್ಡ್ 540 ದಿನಗಳವರೆಗೆ ತಾನಾಗಿಯೇ ಮುಂದುವರಿಯುವ ಅವಕಾಶವಿತ್ತು. ಆ ದಿನದಿಂದ ಈಚೆಗೆ ಸಲ್ಲಿಸುವ ನವೀಕರಣ ಅರ್ಜಿಗಳಿಗೆ ಅದು ಇಲ್ಲ. ಹೊಸದು ಮಂಜೂರಾಗುವ ಮೊದಲೇ ಹಳೆಯ ಕಾರ್ಡಿನ ದಿನಾಂಕ ದಾಟಿದರೆ ಮರುದಿನ ಬೆಳಗ್ಗೆ ಕೆಲಸಕ್ಕೆ ಕೂರುವಂತಿಲ್ಲ. ಅರ್ಜಿ ಹಾಕಿದ ರಸೀದಿ ತೋರಿಸಿದರೆ ನಡೆಯುವುದಿಲ್ಲ.

ನಿಜ ಹೇಳಬೇಕೆಂದರೆ ಎಚ್-4 ಇರುವವರಿಗೆ ಈ ಸೌಲಭ್ಯ ಮೊದಲೂ ಅರ್ಧಂಬರ್ಧವೇ ಸಿಗುತ್ತಿತ್ತು. ತಾನಾಗಿ ಸಿಗುತ್ತಿದ್ದ ವಿಸ್ತರಣೆ ಐ-94ರ, ಅಂದರೆ ಅಮೆರಿಕದಲ್ಲಿ ಎಂದಿನವರೆಗೆ ಇರಬಹುದೆಂದು ಹೇಳುವ ದಾಖಲೆಯ, ಕೊನೆಯ ದಿನಾಂಕದವರೆಗೆ ಮಾತ್ರ. ಬಹುತೇಕರ ಐ-94 ಮತ್ತು ಇಎಡಿ ಒಂದೇ ದಿನ ಮುಗಿಯುವುದರಿಂದ 540 ದಿನ ಎಂಬ ಲೆಕ್ಕ ಎಷ್ಟೋ ಮಂದಿಗೆ ಕಾಗದದಲ್ಲೇ ಉಳಿಯಿತು. ಈಗ ಆ ಆಸೆಯೂ ಇಲ್ಲದಿರುವುದರಿಂದ ಯೋಜನೆಯೆಲ್ಲ ದಿನಾಂಕಗಳ ಸುತ್ತಲೇ ನಡೆಯಬೇಕು. ಹಾಗಿದ್ದರೂ ನಮ್ಮವರು ದಿನಾಂಕ ನೋಡುವುದು ತಂಗಿಯ ಮದುವೆಯ ಛತ್ರ ಗೊತ್ತಾಗಿ, ವಿಮಾನದ ಟಿಕೆಟ್ ತೆಗೆದ ಮೇಲೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಅರ್ಹತೆ ಇನ್ನೂ ಇದೆಯೇ?

2015ರ ಮೇ 26ರಿಂದ ಜಾರಿಯಲ್ಲಿರುವ ನಿಯಮದಂತೆ ಎಚ್-4 ಸಂಗಾತಿಗಳೆಲ್ಲರಿಗೂ ಈ ಪರವಾನಗಿ ಸಿಗುವುದಿಲ್ಲ. ಎಚ್-1ಬಿ ಇರುವವರ ಹೆಸರಿನಲ್ಲಿ ಹಸಿರು ಕಾರ್ಡಿನ (ಕಾಯಂ ವಾಸದ ಪರವಾನಗಿಯ) ಐ-140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಹಸಿರು ಕಾರ್ಡಿನ ಪ್ರಕ್ರಿಯೆ ಬಾಕಿ ಇರುವ ಕಾರಣಕ್ಕೆ ಅವರಿಗೆ ಆರು ವರ್ಷದ ಮಿತಿಯ ಆಚೆಗೂ ಎಚ್-1ಬಿ ವಿಸ್ತರಣೆ ಸಿಕ್ಕಿರಬೇಕು. ನವೀಕರಣಕ್ಕೂ ಇದೇ ಷರತ್ತು. ಈ ನಡುವೆ ಅವರು ಕಂಪನಿ ಬದಲಿಸಿದ್ದರೆ ಗಾಬರಿ ಬೇಡ. ಮಂಜೂರಾಗಿ 180 ದಿನ ದಾಟಿದ ಐ-140ಯನ್ನು ಹಳೆಯ ಕಂಪನಿ ಹಿಂತೆಗೆದುಕೊಂಡರೂ ಆ ಒಂದೇ ಕಾರಣಕ್ಕೆ ಅದು ರದ್ದಾಗುವುದಿಲ್ಲ. 180 ದಿನ ತುಂಬುವ ಮೊದಲೇ ಕಂಪನಿ ಬಿಟ್ಟಿದ್ದರೆ ಮಾತ್ರ ವಕೀಲರನ್ನು ಕೇಳದೆ ಮುಂದಡಿ ಇಡಬೇಡಿ.

‘ಈ ಪರವಾನಗಿಯನ್ನೇ ತೆಗೆದುಬಿಡುತ್ತಾರಂತೆ’ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಇದರ ವಿರುದ್ಧ ಹೂಡಿದ್ದ ದಾವೆಯಲ್ಲಿ 2024ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ಸರ್ಕಾರವೇ ನಿಯಮ ಬದಲಿಸಬಹುದು ಎನ್ನುವುದು ಬೇರೆ ಮಾತು. ಆ ಭಯಕ್ಕೆ ಅರ್ಜಿ ತಡಮಾಡುವುದರಲ್ಲಿ ಅರ್ಥವಿಲ್ಲ.

ಮೊದಲ ಹೆಜ್ಜೆ: ನಾಲ್ಕು ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ನಿಮ್ಮ ಪಾಸ್‌ಪೋರ್ಟ್ ಮುಗಿಯುವ ದಿನ, ಸಂಗಾತಿಯ ಎಚ್-1ಬಿ ಮುಗಿಯುವ ದಿನ, ನಿಮ್ಮ ಐ-94 ಮುಗಿಯುವ ದಿನ, ಇಎಡಿ ಮುಗಿಯುವ ದಿನ. ಇವು ಒಂದೇ ಸರಕ್ಕೆ ಪೋಣಿಸಿದ ಮಣಿಗಳು. ಪಾಸ್‌ಪೋರ್ಟ್ ಬೇಗ ಮುಗಿಯುತ್ತದೆಂದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94ರ ಅವಧಿಯನ್ನು ಅಲ್ಲಿಗೇ ಕತ್ತರಿಸಬಹುದು. ಐ-94 ಚಿಕ್ಕದಾದರೆ ಅದರ ಆಧಾರದಲ್ಲಿ ಸಿಗುವ ಇಎಡಿಯೂ ಚಿಕ್ಕದಾಗುತ್ತದೆ.

ಇವುಗಳಲ್ಲಿ ಹೆಚ್ಚು ಜನರನ್ನು ಮುಗ್ಗರಿಸುವುದು ಐ-94. ಅಮೆರಿಕದೊಳಗೇ ಇದ್ದು ಅವಧಿ ವಿಸ್ತರಿಸಿಕೊಂಡಾಗ ಮಂಜೂರಾತಿ ಪತ್ರವಾದ ಐ-797ರ ತಳಭಾಗದಲ್ಲಿ, ಕತ್ತರಿಸಿಟ್ಟುಕೊಳ್ಳಲು ಗೆರೆ ಹಾಕಿದ ಒಂದು ತುಂಡಿನ ಮೇಲೆ ಹೊಸ ಐ-94 ಮುದ್ರಿತವಾಗಿರುತ್ತದೆ. ಅದರಲ್ಲಿ ಮೂರು ವರ್ಷದ ಅವಧಿ ಇದೆಯೆಂದುಕೊಳ್ಳೋಣ. ಆಮೇಲೆ ನೀವು ಊರಿಗೆ ಬಂದು ಹಿಂತಿರುಗುತ್ತೀರಿ. ವಿಮಾನ ಇಳಿದ ಕ್ಷಣದಿಂದ ಚಾಲ್ತಿಯಲ್ಲಿರುವುದು ಗಡಿ ಇಲಾಖೆಯ ಕಂಪ್ಯೂಟರಿನಲ್ಲಿ ಅಂದು ದಾಖಲಾದ ಐ-94, ಕಪಾಟಿನಲ್ಲಿರುವ ಆ ತುಂಡಲ್ಲ. ಅಧಿಕಾರಿ ಪಾಸ್‌ಪೋರ್ಟಿನ ದಿನಾಂಕ ನೋಡಿ ಒಂದೇ ವರ್ಷ ಕೊಟ್ಟಿದ್ದರೆ ನಿಮಗಿರುವುದು ಒಂದೇ ವರ್ಷ. ಆದ್ದರಿಂದ ಪ್ರತಿ ಸಲ ಅಮೆರಿಕದಲ್ಲಿ ಇಳಿದ ಮೇಲೆ, ಸೂಟ್‌ಕೇಸ್ ಬಿಚ್ಚುವ ಮೊದಲೇ ಗಡಿ ಇಲಾಖೆಯ ಜಾಲತಾಣದಿಂದ ಐ-94 ಇಳಿಸಿಕೊಂಡು ದಿನಾಂಕ ಓದಿ. ತಪ್ಪಿದ್ದರೆ ಅದೇ ವಾರ ಆ ಇಲಾಖೆಯ ಕಚೇರಿಗೆ ಬರೆಯುವುದು ಸುಲಭ. ಎರಡು ವರ್ಷ ಬಿಟ್ಟು ಎಚ್ಚೆತ್ತುಕೊಂಡರೆ ಅದು ವಕೀಲರ ಕೆಲಸವಾಗುತ್ತದೆ.

ಪಾಸ್‌ಪೋರ್ಟ್ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಅದನ್ನೇ ಮೊದಲು ಮಾಡಿಸಿ. ಬೆಂಗಳೂರಿಗೆ ಬಂದಾಗಲೇ ಮಾಡಿಸುವವರಿಗೆ ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ತೊಡಕಿನ ಪ್ರಕರಣಗಳು ಕೋರಮಂಗಲದ ಪ್ರಾದೇಶಿಕ ಕಚೇರಿಗೆ ಹೋಗುತ್ತವೆ. ವಯಸ್ಕರ 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಬೇಕೆಂದರೆ ಮೇಲೆ 2,000. ಆದರೆ ಪೊಲೀಸ್ ಪರಿಶೀಲನೆಗೆ ಸಿಬ್ಬಂದಿ ಮನೆಗೆ ಬಂದಾಗ ನೀವು ಆ ವಿಳಾಸದಲ್ಲಿ ಇರಬೇಕಾಗುತ್ತದೆ. ಎರಡು ವಾರದ ರಜೆಯಲ್ಲಿ ಇದನ್ನೂ ಮುಗಿಸುತ್ತೇನೆಂಬ ಧೈರ್ಯ ನನಗಂತೂ ಇಲ್ಲ. ಅಮೆರಿಕದಲ್ಲೇ ಭಾರತೀಯ ಕಾನ್ಸುಲೇಟ್ ಮೂಲಕ ಮಾಡಿಸಿಕೊಳ್ಳುವುದು ನೆಮ್ಮದಿ.

ಎರಡನೆಯ ಹೆಜ್ಜೆ: ಸಂಗಾತಿಯ ಕಂಪನಿಯ ಬೆನ್ನು ಬೀಳಿ

ಇಎಡಿ ನವೀಕರಣಕ್ಕೆ ಅವಧಿ ಮುಗಿಯುವ 180 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಎಚ್-1ಬಿ ವಿಸ್ತರಣೆಗೂ ಆರು ತಿಂಗಳ ಮೊದಲಿನಿಂದ ಅವಕಾಶವಿದೆ. ಸಾಮಾನ್ಯವಾಗಿ ಎಲ್ಲವೂ ಒಟ್ಟಿಗೆ ಮುಗಿಯುವುದರಿಂದ ಮೂರು ಅರ್ಜಿಗಳು ಒಟ್ಟಿಗೆ ಹೊರಡಬೇಕು: ಸಂಗಾತಿಯ ಎಚ್-1ಬಿಗೆ ಕಂಪನಿ ಹಾಕುವ ಐ-129, ನಿಮ್ಮ ಎಚ್-4 ವಿಸ್ತರಣೆಯ ಐ-539, ಕೆಲಸದ ಪರವಾನಗಿಯ ಐ-765. ಮಕ್ಕಳ ಎಚ್-4 ವಿಸ್ತರಣೆಯನ್ನೂ ನಿಮ್ಮ ಐ-539ರ ಜೊತೆಗೇ ಸೇರಿಸಬಹುದು.

ತೊಂದರೆ ಏನೆಂದರೆ, ಮೊದಲನೆಯ ಅರ್ಜಿ ನಿಮ್ಮ ಕೈಯಲ್ಲಿಲ್ಲ. ಕಂಪನಿಯ ವಕೀಲರಿಗೆ ಎಚ್-1ಬಿ ಮುಖ್ಯ. ಅದನ್ನು ಕೊನೆಯ ತಿಂಗಳಲ್ಲಿ ಹಾಕಿದರೂ ಅವರ ನೌಕರನ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಸಮಯಕ್ಕೆ ಸರಿಯಾಗಿ ಸಲ್ಲಿಸಿದ ಎಚ್-1ಬಿ ವಿಸ್ತರಣೆ ಬಾಕಿ ಇರುವಾಗ 240 ದಿನಗಳವರೆಗೆ ಅದೇ ಕಂಪನಿಯಲ್ಲಿ ದುಡಿಯಬಹುದು. ನಿಮಗೆ ಅಂಥ ಅನುಕೂಲವಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ನ್ಯಾಯ ಎಂದು ಗೊಣಗಿಕೊಳ್ಳಬಹುದು, ಆದರೆ ಲೆಕ್ಕ ಹಾಕಬೇಕಾದದ್ದು ನಿಮ್ಮ ದಿನಾಂಕದಿಂದಲೇ. ಎಂಟು ತಿಂಗಳು ಇರುವಾಗಲೇ ಸಂಗಾತಿಯಿಂದ ಕಂಪನಿಗೆ ಇಮೇಲ್ ಹೋಗಲಿ: ‘ನನ್ನ ಸಂಗಾತಿಯ ಇಎಡಿ ಇಂಥ ದಿನ ಮುಗಿಯುತ್ತದೆ, ತಾನಾಗಿ ಸಿಗುವ ವಿಸ್ತರಣೆ ಈಗಿಲ್ಲ, ಆದ್ದರಿಂದ ಆರು ತಿಂಗಳ ಬಾಗಿಲು ತೆರೆದ ವಾರವೇ ಸಲ್ಲಿಸಬೇಕು.’ ಬಾಯಿಮಾತು ಸಾಲದು. ಅವಲಂಬಿತರ ಅರ್ಜಿಯನ್ನೂ ಅವರೇ ಹಾಕುತ್ತಾರೆಯೇ, ಶುಲ್ಕ ಯಾರದು ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ.

ಇನ್ನೊಂದು ಹಳೆಯ ನಂಬಿಕೆ ಬಿಡಬೇಕು. ಎಚ್-1ಬಿಗೆ ಹೆಚ್ಚುವರಿ ಹಣ ಕಟ್ಟಿ ಪ್ರೀಮಿಯಂ ಸೇವೆ ಪಡೆದರೆ ಜೊತೆಗಿರುವ ಎಚ್-4 ಮತ್ತು ಇಎಡಿಯೂ ಬೇಗ ಬರುತ್ತವೆ ಎಂಬುದು 2023ರ ಜನವರಿಯಲ್ಲಿ ಆದ ಒಂದು ನ್ಯಾಯಾಲಯ ಒಪ್ಪಂದದಿಂದ ಬಂದ ಮಾತು. ಒಟ್ಟಿಗೆ ಬಂದ ಮೂರನ್ನೂ ಒಟ್ಟಿಗೇ ಪರಿಶೀಲಿಸಲು ವಲಸೆ ಇಲಾಖೆ ಆಗ ಒಪ್ಪಿತ್ತು. ಆ ಒಪ್ಪಂದ 2025ರ ಜನವರಿ 18ಕ್ಕೆ ಮುಗಿಯಿತು. ಈಗಲೂ ಕೆಲವರಿಗೆ ಒಟ್ಟಿಗೆ ಬರುತ್ತದೆ, ಆದರೆ ಅದು ಹಕ್ಕಲ್ಲ. ಎಚ್-4 ಇಎಡಿಗೆ ಪ್ರತ್ಯೇಕ ಪ್ರೀಮಿಯಂ ಸೇವೆಯಂತೂ ಇಲ್ಲವೇ ಇಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ‘ನನಗೆ ಮೂರೇ ವಾರದಲ್ಲಿ ಬಂತು’ ಎಂದರೆ ಸಂತೋಷಪಡಿ, ಆ ಲೆಕ್ಕದ ಮೇಲೆ ಕೆಲಸ ಒಪ್ಪಿಕೊಳ್ಳಬೇಡಿ.

ಮೂರನೆಯ ಹೆಜ್ಜೆ: ದಾಖಲೆಗಳು, ಅದರಲ್ಲೂ ಮದುವೆ ಪ್ರಮಾಣಪತ್ರ

ಸಂಗಾತಿಯ ಎಚ್-1ಬಿ ಮಂಜೂರಾತಿ ಪತ್ರ, ಅವರ ಇತ್ತೀಚಿನ ವೇತನ ಚೀಟಿಗಳು, ಐ-140 ಮಂಜೂರಾತಿ, ಇಬ್ಬರ ಐ-94 ಮತ್ತು ಪಾಸ್‌ಪೋರ್ಟ್ ಪ್ರತಿ, ನಿಮ್ಮ ಹಳೆಯ ಇಎಡಿಯ ಎರಡೂ ಬದಿ. ಇವೆಲ್ಲ ಅಮೆರಿಕದ ಮನೆಯಲ್ಲೇ ಸಿಗುತ್ತವೆ. ಐ-140 ಪ್ರತಿಯನ್ನು ಕಂಪನಿ ಕೊಡಲು ಒಪ್ಪದಿದ್ದರೆ ಅದರ ರಸೀದಿ ಸಂಖ್ಯೆಯನ್ನಾದರೂ ಕೇಳಿ ಪಡೆಯಿರಿ. ಅದನ್ನು ಪರ್ಯಾಯ ಪುರಾವೆಯಾಗಿ ಕೊಡಲು ಅವಕಾಶವಿದೆ.

ಬೆಂಗಳೂರಿನಲ್ಲಿ ಕುಳಿತ ಅಪ್ಪ-ಅಮ್ಮಂದಿರಿಗೆ ಕೆಲಸ ಬೀಳುವುದು ಮದುವೆ ಪ್ರಮಾಣಪತ್ರದ ವಿಚಾರದಲ್ಲಿ. ಹಿಂದಿನ ಸಲ ಕೊಟ್ಟಿದ್ದರೂ ಈ ಸಲ ಮತ್ತೆ ಲಗತ್ತಿಸುವುದೇ ಸರಿ, ಏಕೆಂದರೆ ಗಂಡ-ಹೆಂಡತಿ ಸಂಬಂಧವೇ ಈ ಪರವಾನಗಿಯ ಬುನಾದಿ. ಮೂಲ ಪ್ರತಿ ಕಳೆದಿದ್ದರೆ ಮದುವೆ ನೋಂದಣಿಯಾದ ಉಪನೋಂದಣಾಧಿಕಾರಿ ಕಚೇರಿಯಿಂದಲೇ ದೃಢೀಕೃತ ನಕಲು ಪಡೆಯಬೇಕು. ಛತ್ರದ ರಸೀದಿ, ಲಗ್ನಪತ್ರಿಕೆ, ಫೋಟೊ ಆಲ್ಬಂ ಇವು ಪ್ರಮಾಣಪತ್ರದ ಜಾಗ ತುಂಬುವುದಿಲ್ಲ.

ಪ್ರಮಾಣಪತ್ರದಲ್ಲಿ ಕನ್ನಡವಿದ್ದರೆ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಪೂರ್ಣ ಎಂದರೆ ಮೊಹರಿನ ಸುತ್ತ ಬರೆದದ್ದು, ಅಂಚಿನಲ್ಲಿ ಕೈಬರಹದಲ್ಲಿರುವ ನೋಂದಣಿ ಸಂಖ್ಯೆ, ಸಾಕ್ಷಿಗಳ ಹೆಸರು ಎಲ್ಲವೂ. ಕೊನೆಯಲ್ಲಿ ಅನುವಾದಕರು ತಮಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಅನುವಾದ ಪೂರ್ಣ ಮತ್ತು ನಿಖರ ಎಂದು ಬರೆದು ಸಹಿ ಹಾಕಬೇಕು. ವಲಸೆ ಇಲಾಖೆ ಕೇಳುವುದು ಇಷ್ಟೇ. ನೋಟರಿ ಮೊಹರು, ಛಾಪಾ ಕಾಗದ ಕಡ್ಡಾಯವಲ್ಲ. ಅದಕ್ಕೆಂದು ಸಾವಿರಾರು ರೂಪಾಯಿ ಕೇಳುವ ಅಂಗಡಿಗಳನ್ನು ದಾಟಿ ಮುಂದೆ ಹೋಗಿ. ಎರಡೂ ಭಾಷೆ ಬಲ್ಲ ಪರಿಚಿತರೇ ಮಾಡಿಕೊಡಬಹುದು. ಅರ್ಜಿದಾರರು ತಾವೇ ಮಾಡದಿರುವುದು ಒಳ್ಳೆಯದು.

ಹೆಸರಿನ ತಲೆನೋವು ನಮ್ಮದೇ ವಿಶೇಷ. ಪ್ರಮಾಣಪತ್ರದಲ್ಲಿ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ವಿಸ್ತೃತ ರೂಪ, ಅಮೆರಿಕದ ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿದ ಮೂರನೆಯದು. ಪಾಸ್‌ಪೋರ್ಟಿನ ಉಪನಾಮದ ಜಾಗ ಖಾಲಿ ಇದ್ದವರ ವೀಸಾದಲ್ಲಿ ಇಡೀ ಹೆಸರು ಉಪನಾಮದ ಕಡೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು, ಕೂರುತ್ತದೆ. ಅರ್ಜಿಯಲ್ಲಿ ಪಾಸ್‌ಪೋರ್ಟ್ ಮತ್ತು ಐ-94 ಹೇಳುವುದನ್ನೇ ಅನುಸರಿಸಿ. ಉಳಿದ ರೂಪಗಳನ್ನೆಲ್ಲ ‘ಬಳಸಿದ ಇತರ ಹೆಸರುಗಳು’ ಎಂಬ ಜಾಗದಲ್ಲಿ ಒಂದೂ ಬಿಡದೆ ಬರೆಯಿರಿ.

ನಾಲ್ಕನೆಯ ಹೆಜ್ಜೆ: ನಮೂನೆ ಮತ್ತು ಹಣ

ಐ-765ರಲ್ಲಿ ನವೀಕರಣ ಎಂದು ಗುರುತು ಹಾಕಿ. ಅರ್ಹತೆಯ ವರ್ಗ ಸಿ-26. ಅದೇ ವರ್ಗದವರಿಗಾಗಿ ಸಂಗಾತಿಯ ಎಚ್-1ಬಿ ಪತ್ರದ ರಸೀದಿ ಸಂಖ್ಯೆ ಕೇಳುವ ಜಾಗವಿದೆ, ಅದನ್ನು ಖಾಲಿ ಬಿಡಬೇಡಿ. ಪುಟದ ತಳದಲ್ಲಿರುವ ಆವೃತ್ತಿಯ ದಿನಾಂಕ ಇಲಾಖೆ ಒಪ್ಪುವ ಆವೃತ್ತಿಯದೇ ಎಂದು ಸಲ್ಲಿಸುವ ದಿನ ನೋಡಿ. ಹಳೆಯ ಆವೃತ್ತಿ, ಸಹಿಯಿಲ್ಲದ ಅರ್ಜಿ, ತಪ್ಪು ಶುಲ್ಕ, ಈ ಮೂರರಲ್ಲಿ ಯಾವುದಿದ್ದರೂ ಇಡೀ ಕಟ್ಟು ಅಂಚೆಯಲ್ಲಿ ವಾಪಸ್ ಬರುತ್ತದೆ, ಅಮೂಲ್ಯವಾದ ವಾರಗಳು ಹಾಳಾಗುತ್ತವೆ.

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಕಾಗದದಲ್ಲಿ ಸಲ್ಲಿಸುವ ಐ-765ಕ್ಕೆ 520 ಡಾಲರ್, ಐ-539ಕ್ಕೆ 470 ಡಾಲರ್. ಬೆರಳಚ್ಚಿಗೆ ಪ್ರತ್ಯೇಕ ಹಣವಿಲ್ಲ. ಎರಡಕ್ಕೂ ಬೇರೆ ಬೇರೆಯಾಗಿಯೇ ಪಾವತಿಸಬೇಕು, ಕೂಡಿಸಿ 990 ಎಂದು ಒಂದೇ ಸಲ ಕಳುಹಿಸಬಾರದು. 2025ರ ಅಕ್ಟೋಬರ್ 28ರ ನಂತರ ಕಾಗದದ ಅರ್ಜಿಗಳಿಗೆ ಚೆಕ್ ಮತ್ತು ಮನಿ ಆರ್ಡರ್ ನಡೆಯುವುದಿಲ್ಲ. ಕಾರ್ಡ್ ಮೂಲಕವಾದರೆ ಜಿ-1450, ಅಮೆರಿಕದ ಬ್ಯಾಂಕ್ ಖಾತೆಯಿಂದ ನೇರವಾಗಿಯಾದರೆ ಜಿ-1650 ನಮೂನೆ ತುಂಬಿ ಮೇಲಿಡಬೇಕು. ಕಾರ್ಡ್ ಬಳಸುವವರು ಬ್ಯಾಂಕಿಗೆ ಮೊದಲೇ ತಿಳಿಸಿಡಿ. ವಂಚನೆಯೆಂದು ತಿಳಿದು ಬ್ಯಾಂಕ್ ತಡೆಹಿಡಿದರೆ ಅರ್ಜಿ ತಿರಸ್ಕೃತವಾಗಬಹುದು.

ರಸೀದಿ ಬಂದ ಮೇಲೆ ಬೆರಳಚ್ಚಿಗೆ ಕರೆ ಬರಬಹುದು, ಬಾರದೆಯೂ ಇರಬಹುದು. ಕರೆ ಬಂದರೆ ಹೋಗಬೇಕಾದದ್ದು ಅಮೆರಿಕದಲ್ಲಿರುವ ಕೇಂದ್ರಕ್ಕೆ. ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ನಮೂನೆಯ ಮೂಲಕ ವಿಳಾಸ ತಿಳಿಸಿ. ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸಿದ್ದೇನೆ, ಹೊಸ ಮನೆಗೆ ತಲುಪಿಸುತ್ತಾರೆ ಎಂದು ನೆಚ್ಚಿಕೊಳ್ಳಬೇಡಿ. ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಯ ಒಳಗೆ ನಿಮ್ಮ ಹೆಸರನ್ನೂ ಬರೆದು ಅಂಟಿಸಿ. ಅಲ್ಲಿ ಸಂಗಾತಿಯ ಹೆಸರು ಮಾತ್ರ ಇದ್ದರೆ ಕಾರ್ಡ್ ಹಿಂದಕ್ಕೆ ಹೋಗುವ ಅಪಾಯವಿದೆ.

ಐದನೆಯದು: ಈ ನಡುವೆ ಬೆಂಗಳೂರಿಗೆ ಬರಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ನನ್ನ ಅಭಿಪ್ರಾಯ ನೇರ: ಸಾವು-ನೋವಿನ ಕಾರಣವಿಲ್ಲದಿದ್ದರೆ, ಅರ್ಜಿ ಬಾಕಿ ಇರುವಾಗ ಬರಬೇಡಿ.

ಮೊದಲ ಕಾರಣ ಕಾನೂನಿನದು. ಬೇರೆ ವೀಸಾದಿಂದ ಎಚ್-4ಗೆ ಬದಲಾಯಿಸಿಕೊಳ್ಳುವ ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅದನ್ನು ಕೈಬಿಟ್ಟಂತೆ ಲೆಕ್ಕ. ಈಗಾಗಲೇ ಎಚ್-4ನಲ್ಲಿದ್ದು ಅವಧಿ ವಿಸ್ತರಣೆ ಕೇಳಿದವರ ಸ್ಥಿತಿ ಅಷ್ಟು ಕಠಿಣವಲ್ಲ. ಆದರೂ ಹಿಂತಿರುಗುವಾಗ ಹೊಸ ಐ-94 ಬರುವುದರಿಂದ ಹಳೆಯ ಐ-539ಕ್ಕೆ ಅರ್ಥ ಉಳಿಯುವುದೇ, ಅದನ್ನು ನೆಚ್ಚಿಕೊಂಡಿರುವ ಐ-765 ಏನಾಗುತ್ತದೆ ಎಂಬ ತೊಡಕುಗಳು ಹುಟ್ಟುತ್ತವೆ. ನಿಮ್ಮ ಪ್ರಕರಣಕ್ಕೆ ಅನ್ವಯಿಸುವ ಉತ್ತರವನ್ನು ವಕೀಲರಿಂದ ಬರಹದಲ್ಲಿ ಪಡೆಯಿರಿ. ಇಎಡಿ ಪ್ರಯಾಣದ ದಾಖಲೆಯಲ್ಲ. ಅದನ್ನು ತೋರಿಸಿ ಅಮೆರಿಕದೊಳಗೆ ಬರಲಾಗದು. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಎಚ್-4 ವೀಸಾ ಬೇಕು.

ಎರಡನೆಯ ಕಾರಣ ಆ ವೀಸಾ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಪತ್ರಿಕೆಗಳಲ್ಲಿ ಚಿತ್ರ ನೋಡಿದ ಹಲವರು ಇನ್ನು ಚೆನ್ನೈಗೆ ಓಡುವುದು ತಪ್ಪಿತು ಎಂದುಕೊಂಡರು. ಆದರೆ ಅದು ವೀಸಾ ಸೇವೆಯಿಲ್ಲದೆಯೇ ಬಾಗಿಲು ತೆರೆದ ಕಚೇರಿ. ಸಂದರ್ಶನಕ್ಕೆ ಬೆಂಗಳೂರಿಗರು ಹೊರಡುವುದು ಚೆನ್ನೈನ ಜೆಮಿನಿ ವೃತ್ತದ ಬಳಿಯ ಕಚೇರಿಗೋ ಹೈದರಾಬಾದಿನ ನಾನಕ್‌ರಾಮ್‌ಗುಡಕ್ಕೋ. 2025ರ ಸೆಪ್ಟೆಂಬರ್ 2ರಿಂದ ಸಂದರ್ಶನವಿಲ್ಲದೆ ಪೆಟ್ಟಿಗೆಗೆ ಪಾಸ್‌ಪೋರ್ಟ್ ಹಾಕಿ ಬರುವ ಡ್ರಾಪ್‌ಬಾಕ್ಸ್ ಸೌಲಭ್ಯ ಎಚ್-1ಬಿ, ಎಚ್-4 ಇಬ್ಬರಿಗೂ ತಪ್ಪಿತು. ಬೇರೆ ದೇಶಕ್ಕೆ ಹೋಗಿ ಬೇಗ ಮುಗಿಸಿಕೊಳ್ಳುವ ದಾರಿಯೂ ಅದೇ ತಿಂಗಳು ಕಿರಿದಾಯಿತು. ಅದೇ ವರ್ಷದ ಡಿಸೆಂಬರ್ 15ರಿಂದ ಈ ಎರಡೂ ವರ್ಗದವರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಶುರುವಾಯಿತು. ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಆ ಡಿಸೆಂಬರಿನಲ್ಲಿ ಭಾರತದಲ್ಲಿ ಸಂದರ್ಶನ ನಿಗದಿಯಾಗಿದ್ದ ಅನೇಕರ ದಿನಾಂಕಗಳು 2026ರ ಮಾರ್ಚ್‌ಗೆ, ಅದರಾಚೆಗೆ ಮುಂದೂಡಲ್ಪಟ್ಟವು. ಮೂರು ವಾರದ ರಜೆಗೆಂದು ಬಂದವರು ಮಕ್ಕಳ ಶಾಲೆ ಅಲ್ಲಿ, ತಾವು ಇಲ್ಲಿ ಎಂದು ತವರಿನಲ್ಲೇ ಉಳಿಯಬೇಕಾಯಿತು.

ವೀಸಾ ಇನ್ನೂ ಚಾಲ್ತಿಯಲ್ಲಿದೆ, ಇಎಡಿಗೆ ಒಂದು ವರ್ಷಕ್ಕಿಂತ ಹೆಚ್ಚು ಅವಧಿ ಇದೆ ಎನ್ನುವವರು ಧಾರಾಳವಾಗಿ ಬನ್ನಿ. ಬಂದಾಗ ಮೂಲ ಐ-797ಗಳು, ಸಂಗಾತಿಯ ವೇತನ ಚೀಟಿ, ಮದುವೆ ಪ್ರಮಾಣಪತ್ರ ಕೈಚೀಲದಲ್ಲಿರಲಿ. ಗೃಹಪ್ರವೇಶ, ಉಪನಯನಗಳ ದಿನವನ್ನು ಮನೆಯವರು ಗೊತ್ತುಮಾಡುವಾಗ ನಿಮ್ಮ ಆರು ತಿಂಗಳ ಅವಧಿ ಯಾವಾಗ ಶುರುವಾಗುತ್ತದೆಂದು ಮೊದಲೇ ಹೇಳಿಬಿಡಿ. ಪುರೋಹಿತರು ಇನ್ನೊಂದು ಮುಹೂರ್ತ ಕೊಡುತ್ತಾರೆ, ವಲಸೆ ಇಲಾಖೆ ಕೊಡುವುದಿಲ್ಲ.

‘ಕಾರ್ಡ್ ಮುಗಿದರೂ ಬೆಂಗಳೂರಿನಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರೆ?’ ಎಂಬ ಜಾಣ ಪ್ರಶ್ನೆಯೂ ಇದೆ. ಇಎಡಿ ಬೇಕಾಗುವುದು ಅಮೆರಿಕದ ನೆಲದಲ್ಲಿ ಮಾಡುವ ಕೆಲಸಕ್ಕೆ. ಆದರೆ ಭಾರತದಲ್ಲಿ ಕುಳಿತು ದುಡಿದ ಸಂಬಳ ಭಾರತದ ಆದಾಯ ತೆರಿಗೆಯ ಲೆಕ್ಕಕ್ಕೆ ಬರಬಹುದು, ಮಾಹಿತಿ ಭದ್ರತೆಯ ಕಾರಣಕ್ಕೆ ಎಷ್ಟೋ ಕಂಪನಿಗಳು ಹೊರದೇಶದಿಂದ ಲಾಗಿನ್ ಆಗಲು ಬಿಡುವುದಿಲ್ಲ. ಮಾನವ ಸಂಪನ್ಮೂಲ ವಿಭಾಗದ ಲಿಖಿತ ಒಪ್ಪಿಗೆ, ಲೆಕ್ಕ ಪರಿಶೋಧಕರ ಒಂದು ಮಾತು, ಇವೆರಡೂ ಇಲ್ಲದೆ ಇದಕ್ಕೆ ಕೈಹಾಕಬೇಡಿ.

ದಿನ ಬಂತು, ಕಾರ್ಡ್ ಬರಲಿಲ್ಲ

ಕೆಲಸ ನಿಲ್ಲಿಸಬೇಕು. ಇದರಲ್ಲಿ ರಾಜಿಯಿಲ್ಲ. ಮನೆಯಿಂದ ಮಾಡುವ ಕೆಲಸ, ವಾರಾಂತ್ಯದ ಸಣ್ಣ ಗುತ್ತಿಗೆ, ನಿಮ್ಮದೇ ಹೆಸರಿನ ಪುಟ್ಟ ವ್ಯವಹಾರ, ಎಲ್ಲವೂ ಕೆಲಸವೇ. ಪರವಾನಗಿಯಿಲ್ಲದ ದುಡಿಮೆಯ ಒಂದು ವಾರ ಮುಂದೆ ಹಸಿರು ಕಾರ್ಡಿನ ಹಂತದಲ್ಲಿ ಉತ್ತರ ಹೇಳಬೇಕಾದ ವಾರವಾಗುತ್ತದೆ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ವ್ಯವಸ್ಥಾಪಕರ ಜೊತೆ ಮಾತನಾಡಿ ವೇತನರಹಿತ ರಜೆಗೆ ದಾರಿ ಮಾಡಿಕೊಂಡರೆ ರಾಜೀನಾಮೆ ತಪ್ಪಬಹುದು. ಆರೋಗ್ಯ ವಿಮೆ ನಿಮ್ಮ ಕಂಪನಿಯದಾಗಿದ್ದರೆ ಸಂಗಾತಿಯ ವಿಮೆಗೆ ಸೇರಿಕೊಳ್ಳಲು ಇರುವ ಗಡುವು ಕೇಳಿಕೊಳ್ಳಿ. ಎಚ್-4 ವಿಸ್ತರಣೆಯ ಅರ್ಜಿ ಸಕಾಲದಲ್ಲಿ ಹೋಗಿದ್ದರೆ ಅದು ಬಾಕಿ ಇರುವವರೆಗೆ ದೇಶದಲ್ಲಿ ಇರಲು ಅಡ್ಡಿಯಿಲ್ಲ. ನಿಲ್ಲುವುದು ದುಡಿಮೆ ಮಾತ್ರ.

ಅರ್ಜಿ ಸಾಮಾನ್ಯ ಅವಧಿ ಮೀರಿದ್ದರೆ ಇಲಾಖೆಯ ಜಾಲತಾಣದಲ್ಲಿ ವಿಚಾರಣೆ ಸಲ್ಲಿಸಬಹುದು. ತೀವ್ರ ಆರ್ಥಿಕ ನಷ್ಟವನ್ನು ದಾಖಲೆಸಹಿತ ತೋರಿಸಿ ತ್ವರಿತ ಪರಿಶೀಲನೆಗೂ ಕೋರಬಹುದು, ‘ಕೆಲಸ ಹೋಗುತ್ತದೆ’ ಎಂಬ ಒಂದು ಸಾಲಿಗೆ ಅವರು ಕರಗುವುದಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ನಿಮ್ಮ ಕ್ಷೇತ್ರವನ್ನು ಪ್ರತಿನಿಧಿಸುವ ಸದಸ್ಯರ ಕಚೇರಿಯ ಮೂಲಕವೂ ವಿಚಾರಿಸಬಹುದು. ಪ್ರಜೆಯಲ್ಲದವರು ಕೇಳಬಾರದು ಎಂದೇನಿಲ್ಲ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅವರು ಇಲಾಖೆಗೆ ಬರೆಯುತ್ತಾರೆ. ಸಂಕೋಚಪಟ್ಟು ಈ ದಾರಿಯನ್ನು ಬಿಟ್ಟುಬಿಡುವವರೇ ನಮ್ಮಲ್ಲಿ ಹೆಚ್ಚು.

ಕಾರ್ಡ್ ಕೈಗೆ ಬಂದ ದಿನ ಹೆಸರಿನ ಅಕ್ಷರ, ಹುಟ್ಟಿದ ದಿನ, ಸಿ-26 ಎಂಬ ವರ್ಗ, ಎರಡೂ ದಿನಾಂಕ ನೋಡಿ. ಮುದ್ರಣದ ತಪ್ಪು ಇಲಾಖೆಯದಾಗಿದ್ದರೆ ಕಾರ್ಡನ್ನು ವಿವರಣೆಯೊಂದಿಗೆ ಹಿಂದಿರುಗಿಸಿ, ಹೊಸ ಶುಲ್ಕವಿಲ್ಲದೆ ಸರಿಪಡಿಸಿಕೊಳ್ಳಬಹುದು. ಅರ್ಜಿಯಲ್ಲೇ ತಪ್ಪಿದ್ದರೆ ಮತ್ತೆ ಅರ್ಜಿ, ಮತ್ತೆ ಹಣ. ಎಲ್ಲ ಸರಿಯಿದ್ದರೆ ಅದೇ ದಿನ ಕಂಪನಿಗೆ ತೋರಿಸಿ ಕೆಲಸದ ಅರ್ಹತೆಯ ಬಗ್ಗೆ ಕಂಪನಿ ಇಟ್ಟುಕೊಳ್ಳುವ ಐ-9 ದಾಖಲೆ ನವೀಕರಿಸಿಕೊಂಡು, ಚಾಲನಾ ಪರವಾನಗಿಯ ಅವಧಿಯನ್ನೂ ಒಮ್ಮೆ ನೋಡಿ. ಅದೂ ನಿಮ್ಮ ಐ-94ರ ಜೊತೆಗೇ ಮುಗಿದಿರುವ ಸಾಧ್ಯತೆ ಇದೆ.